ಗಂಜಿಗೆ ಉಪ್ಪು ಕಡಿಮೆ

ಹಂಚು ಹೇರಿದ ಮಂಜಿ. ಎಣಿಸಿದ್ದು ನಾನೇ,
ಮೂವತ್ತೆರಡು ಸಾವಿರ, ಒಡೆದದ್ದು ಬಿಟ್ಟು.
ಮಂಗಳೂರು ಬಂದರಿನಿಂದ ಬಸ್ರಾಕ್ಕೆ ಅಂತ ಚೀಟಿಯಲ್ಲಿತ್ತು;
ನನಗೆ ಅಲ್ಲಿಯವರೆಗೆ ಬಸ್ರಾ ಅಂದರೆ
ಖರ್ಜೂರದ ಗೋಣಿಯ ಮೇಲಿನ ಮಸಿಯ ಮುದ್ರೆ.

ವಯಸ್ಸು ಹದಿನಾಲ್ಕು. ಕೆಲಸ, ಭಂಡಾರಿ:
ಮರಳು ತುಂಬಿದ ಪೆಟ್ಟಿಗೆಯೇ ಒಲೆ, ಒಂದು ಹಂಡೆ,
ಒಂದು ಸೌಟು, ಒಂಬತ್ತು ಹೊಟ್ಟೆ.
ಸಿಹಿನೀರು ಬಂಗಾರ. ಹಾಗಾಗಿ ಗಂಜಿಗೆ
ಮೂರು ಪಾಲು ಪೀಪಾಯಿಯದ್ದು, ಒಂದು ಪಾಲು ಕಡಲಿನದ್ದು.
ಬೇರೆ ಉಪ್ಪಿನ ಖರ್ಚಿಲ್ಲ.

ಅಳಿವೆ ದಾಟುವಾಗ ಬೆಂಗ್ರೆಯ ಹೆಂಗಸರು
ಬಲೆ ಕೊಡವುವುದನ್ನು ಬಿಟ್ಟು ಒಮ್ಮೆ ನೋಡಿದರು.
ಅಷ್ಟೆ. ಯಾರೂ ಕೈ ಬೀಸಲಿಲ್ಲ.

ನಾಲ್ಕನೇ ದಿನ ಗಾಳಿ ಸತ್ತಿತು.
ಹಾಯಿ ಒಣಹಾಕಿದ ಸೀರೆಯ ಹಾಗೆ ಅನ್ನೋಣವೆಂದರೆ
ಸೀರೆಯಾದರೂ ಅಲುಗುತ್ತದೆ.
ಒಲೆಯ ಹೊಗೆ ನೇರ ಮೇಲೆ ಹೋಗಿ
ಅಲ್ಲೇ ಯೋಚಿಸುತ್ತ ನಿಂತಿತು.
ನಾನು ಬಿಸಾಡಿದ ತೆಂಗಿನ ಚಿಪ್ಪು
ಬೆಳಿಗ್ಗೆ ಎಲ್ಲಿತ್ತೋ ಸಂಜೆಗೂ ಅಲ್ಲೇ,
ನಮ್ಮ ಬಗಲಲ್ಲೇ, ಸಾಕಿದ ನಾಯಿಯ ಹಾಗೆ.
ಮಾಸ್ತಿ ಖಾರ್ವಿ ಮತ್ತೆ ಮತ್ತೆ ತಾಯತ ಮುಟ್ಟಿಕೊಂಡ.
ಚೆರಿಯಬ್ಬ ಇಸ್ಪೀಟಿನಲ್ಲಿ ಸೋತದ್ದನ್ನೇ ಇನ್ನೊಮ್ಮೆ ಸೋತು
"ನಿಂತಲ್ಲೇ ಮುದುಕರಾಗುತ್ತೇವೆ" ಅಂದ.

ಆ ಮಧ್ಯಾಹ್ನ ತಂಡೇಲ ಪಕ್ರಬ್ಬ ಬಟ್ಟಲು ಕುಕ್ಕಿದ:
"ಎಂತದಾ ಇದು? ಗಂಜಿಯಾ, ಕೈತೊಳೆದ ನೀರಾ? ಉಪ್ಪೆಲ್ಲಿ?"
ನಾನು ಆಣೆ ಹಾಕಿದೆ. ಅದೇ ಸೌಟು, ಅದೇ ಲೆಕ್ಕ,
ಮೂರಕ್ಕೆ ಒಂದು.
"ಹಾಗಾದರೆ ಸತ್ತದ್ದು ನನ್ನ ನಾಲಿಗೆಯಾ?"
ಹೊಡೆಯಲು ಎತ್ತಿದ ಕೈ
ಅರ್ಧದಲ್ಲಿ ನಿಂತಿತು.

ಎದ್ದು ಹೋದ. ಬಾಲ್ದಿ ಇಳಿಸಿದ. ಬೊಗಸೆಯಲ್ಲೆತ್ತಿ
ಬಾಯಿ ಮುಕ್ಕಳಿಸಿ ಉಗಿದ, ಇನ್ನೊಂದು ಗುಟುಕು ಹಾಕಿ
ಮದುವೆಮನೆಯ ಸಾರು ನೋಡುವವನಂತೆ ಕಣ್ಣು ಮುಚ್ಚಿದ.
ನಕ್ಕ. ಆ ಹಲ್ಲಿಲ್ಲದ ನಗು ಇವತ್ತಿಗೂ ನನ್ನ ಬಳಿ ಉಂಟು.

"ಇದು ನಮ್ಮ ಕಡಲಿನ ನೀರಲ್ಲ, ಮಗಾ.
ಮೂಡು ಕಡಲಿನದ್ದು. ಗಂಗೆ ಗೋದಾವರಿ
ಮಳೆಗಾಲವೆಲ್ಲ ಕುಡಿಸಿ ಸಪ್ಪೆ ಮಾಡಿದ್ದು.
ಸಿಲೋನಿನ ಕಾಲಡಿ ಸುತ್ತಿ ಬಡಗು ಹೊರಟಿದೆ,
ದಾರಿಯಲ್ಲಿ ನಮ್ಮನ್ನು ಹೆಗಲಿಗೆ ಹಾಕಿಕೊಂಡಿದೆ.
ಹಾಯಿ ಇಳಿಸಿ. ಮಲಗಿ ಎಲ್ಲರೂ."

ನಂಬಿದವರು ಯಾರು? ನಾನಂತೂ ಅಲ್ಲ.
ನೀರು ಗಾಜು. ಚಿಪ್ಪು ಅಲ್ಲೇ.

ಮೂರು ರಾತ್ರಿ ಕಳೆದ ಮೇಲೆ ನನ್ನನ್ನು ಎಬ್ಬಿಸಿ
ಚಾಚಿದ ತೋಳಿನ ತುದಿಯಲ್ಲಿ ಬೆರಳು ಅಡ್ಡ ಹಿಡಿಸಿದ.
ಕಡಲ ಗೆರೆಯಿಂದ ಧ್ರುವಕ್ಕೆ
ಗಾಳಿ ಸತ್ತ ರಾತ್ರಿ ಅವನ ಲೆಕ್ಕ ಒಂಬತ್ತು.
ಈಗ ಒಂಬತ್ತೂ ಮುಕ್ಕಾಲು.
ಮುಕ್ಕಾಲು ಬೆರಳು! ಹುಟ್ಟು ಹಾಕದೆ, ಹಗ್ಗ ಎಳೆಯದೆ,
ದೇವರನ್ನು ಬಯ್ಯುತ್ತ, ಇಸ್ಪೀಟಾಡುತ್ತ,
ಗೋವೆಯನ್ನು ದಾಟಿಬಿಟ್ಟಿದ್ದೆವು.

ಆಮೇಲೆ ಗಾಳಿ ಬಂತು, ಬಸ್ರಾ ಬಂತು.
ಹಂಚು ನಾನೂರು ಒಡೆದಿತ್ತು, ಸಂಬಳದಲ್ಲಿ ಮುರಿದುಕೊಂಡರು.

ಈಗ ಬಂದರಿನ ಗಲ್ಲಿಯಲ್ಲಿ ನನ್ನದು ಹಗ್ಗದ ಅಂಗಡಿ.
ಕುಳಿತಲ್ಲೇ ನಲವತ್ತು ವರ್ಷ, ನೈಲಾನು ತೂಗುತ್ತ.
ದೀಪಾವಳಿ ಕಳೆದು ತಿಂಗಳಾಯಿತೆಂದರೆ
ಬೆಂಗ್ರೆಯ ದೋಣಿ ಹತ್ತಿ, ನಡುನೀರಲ್ಲಿ ಕೈ ಇಳಿಸಿ
ಬೆರಳು ನೆಕ್ಕುತ್ತೇನೆ.
ಏನೂ ತಿಳಿಯುವುದಿಲ್ಲ.
ನೇತ್ರಾವತಿ ಫಲ್ಗುಣಿ ಎರಡೂ ಸೇರಿ
ಅಲ್ಲಿ ಲೆಕ್ಕ ಕೆಡಿಸಿವೆ, ಮೇಲೆ ಬೋಟಿನ ಡೀಸೆಲು.
ಶಾಲೆಯ ಮಕ್ಕಳು ನಗುತ್ತಾರೆ.

ರಾತ್ರಿ ಲಚ್ಚಿ "ಸಾರಿಗೆ ಉಪ್ಪು ಕಡಿಮೆಯಾಯಿತಾ?" ಎಂದರೆ
ನಾನು ಕೂಡಲೇ ಉತ್ತರಿಸುವುದಿಲ್ಲ.
ಬಟ್ಟಲು ಹಿಡಿದೇ ಹಿತ್ತಲಿಗೆ ಹೋಗುತ್ತೇನೆ.
ಕಡಲ ಗೆರೆ ಇಲ್ಲಿಂದ ಕಾಣುವುದಿಲ್ಲ.
ಎದುರಿನ ಫ್ಲಾಟಿನ ನೀರಿನ ಟಾಂಕಿಯಿಂದ ಹಿಡಿದರೆ
ಧ್ರುವಕ್ಕೆ ಇವತ್ತು
ಎರಡೂವರೆ.