ಹದಿನಾರು ಕಲ್ಲು, ಮ್ಯಾಲೊಂದು ಚೂರು

ನಿಯಮಾವಳಿಯ ಪುಸ್ತಕ ತೆಳ್ಳಗಿದೆ.
ಮೂರು ವರ್ಷಕ್ಕೆ ಕಡಿಮೆಯಿಲ್ಲ, ಆರಕ್ಕೆ ಮೀರುವಂತಿಲ್ಲ.
ಕೋರ್ಸ್‌ವರ್ಕಿನಲ್ಲಿ ನೂರಕ್ಕೆ ಐವತ್ತೈದು.
ಆರು ತಿಂಗಳಿಗೊಂದು ಪ್ರಗತಿ ವರದಿ, ಗೈಡಿನ ಸಹಿ, ಮೊಹರು.
ನನ್ನ ಗೈಡು ಸಹಿ ಹಾಕುವ ಮೊದಲು ಪೆನ್ನು ಝಾಡಿಸುತ್ತಾರೆ;
ನನ್ನ ಎರಡು ದುಪಟ್ಟಾಗಳ ಮೇಲೆ
ಅವರ ನೀಲಿ ಚುಕ್ಕಿಗಳಿವೆ.

ಪುನರ್ವಸತಿ ವಿಜ್ಞಾನ ಅಂದರೆ
ಡ್ಯಾಮಿನಾಗ ಮುಳುಗಿದ ಊರಿನವರಿಗೆ ಮನಿ ಕೊಡೂದೇನ್ರಿ
ಅಂತ ಶುಲ್ಕ ಕಟ್ಟಿಸಿಕೊಳ್ಳುತ್ತ ಕೇಳಿದ್ದ ಗುಮಾಸ್ತ.
ನಕ್ಕು ರಸೀದಿ ತಗೊಂಡೆ.
ನಗು ಆ ರಾತ್ರಿಯೇ ನಿಂತಿತು:
ಮಂಡಿ, ಹಿಮ್ಮಡಿ, ಬೆನ್ನಹುರಿಯ ಕೆಳಗಿನ ಓಣಿಗಳು,
ಎಲ್ಲ ಬಿಟ್ಟು ಬಂದವರೇ
ನನ್ನ ವಾರ್ಡಿನ ಬೆಂಚಿನ ಮೇಲೆ ಕೂತಿರುವುದು.

ಸೈಬಣ್ಣ, ಶಹಾಬಾದಿನ ಫರಸಿ ಗಣಿ,
ತೊಡೆಯ ಮೇಲೆ ಹಾಸುಗಲ್ಲು ಜಾರಿ ಹದಿನೆಂಟು ವಾರ.
ನನ್ನ ಕಾಗದದಲ್ಲಿ ಅವನು ಭಾಗಿ ಹದಿನೇಳು.
ಒಪ್ಪಿಗೆ ಪತ್ರಕ್ಕೆ ಮಸಿಡಬ್ಬಿ ತೆರೆದರೆ ರೇಗಿದ:
‘ಹೆಬ್ಬಟ್ಟು ಯಾಕ್ರಿ? ಸಹಿ ಬರ್ತದ ನನಗ.’
ಉದ್ದಕ್ಕೆ ಬರೆದ, ಅಪ್ಪನ ಹೆಸರೂ ಸೇರಿಸಿ,
ಸಾಕ್ಷಿಯ ಗೆರೆಯನ್ನೂ ತುಂಬಿಬಿಟ್ಟ.

ಕಾರಿಡಾರಿನಲ್ಲಿ ಸುಣ್ಣದ ಗೆರೆ ಎಳೆದೆ, ಹತ್ತು ಮೀಟರು.
ಅವನು ಮೊದಲು ನೋಡಿದ್ದು ನೆಲ.
‘ನಮ್ಮೂರ ಕಲ್ಲೇ ಇದು. ಎರಡಡಿದ್ದು.
ಮೀಟರ್ ಇರಲಿ ಬಿಡ್ರಿ, ಹದಿನಾರು ಕಲ್ಲು,
ಮ್ಯಾಲೊಂದು ಚೂರು.’
ಎಣಿಸಿ ನೋಡಿದೆ. ಹೌದು.
ಸ್ಟಾಪ್‌ವಾಚು ಒತ್ತುವುದು ಮರೆತೆ; ಮತ್ತೊಮ್ಮೆ ನಡೆಸಬೇಕಾಯಿತು.

ಆಮೇಲೆ ಪ್ರಶ್ನಾವಳಿ. ಪರದೇಶದ್ದು.
ಇಬ್ಬರು ಕನ್ನಡಕ್ಕೆ ತರಬೇಕು, ಮತ್ತಿಬ್ಬರು ಹಿಂದಕ್ಕೆ ಒಯ್ಯಬೇಕು,
ಹೋಗಿ ಬಂದ ಮಾತು ಹೋದ ಹಾಗೇ ಇರಬೇಕು.
‘ನೀವು ಹಲವು ಬ್ಲಾಕು ನಡೆಯಬಲ್ಲಿರಾ?’
ಒಬ್ಬ ಅನುವಾದಕ ಅದನ್ನು ತಾಲೂಕು ಮಾಡಿದ್ದ.
ಸೈಬಣ್ಣ ಗೋಡೆ ಹಿಡಿದು ನಕ್ಕ:
‘ಚಿತ್ತಾಪುರ ದಾಟಿ ಸೇಡಂ ತನಕೇನ್ರಿ?
ಕಾಲು ಛಂದಿದ್ದಾಗೂ ನಡದಿಲ್ಲ ಮೇಡಂ.’
ನೋವು ಎಂಬಲ್ಲಿ ಒಂದೇ ಖಾನೆ, ಸೊನ್ನೆಯಿಂದ ಹತ್ತು.
ಚಳಕು, ಸೆಳೆತ, ಜೋಮು, ಉರಿ,
ಒಳಗ ಇರಿವಿ ಹರದಂಗ ಆಗೂದು,
ಇವನ್ನೆಲ್ಲ ಒಂದೇ ಅಂಕಿಯೊಳಗೆ ಹೇಗೆ ತುರುಕಲಿ?
‘ಏಳು ಬರಕೋರಿ,’ ಅಂದ, ನನ್ನ ಮುಖ ನೋಡಿ ಪಾಪ ಅನಿಸಿ.

ಸ್ನಾನದ ತೊಟ್ಟಿ ಏರುವ ಬಗ್ಗೆ ಮೂರು ಪ್ರಶ್ನೆ.
ಕುಕ್ಕುರುಗಾಲಲ್ಲಿ ಕೂಡುವ ಬಗ್ಗೆ ಒಂದೂ ಇಲ್ಲ.
‘ಕೂಡಾಕ ಬರ್ಲಿಲ್ಲಂದ್ರ ಕಲ್ಲು ಹ್ಯಾಂಗ ಕಡೀಲಿ?
ಬೈಲಿಗಿ ಹ್ಯಾಂಗ ಹೋಗ್ಲಿ?
ಇದು ಕೇಳಂಗಿಲ್ಲೇನ್ರಿ ನಿಮ್ಮ ಪಿಎಚ್‌ಡಿ?’

ನಾಲ್ಕನೆಯ ಭೇಟಿಗೆ ಬರಲಿಲ್ಲ. ಐದಕ್ಕೂ.
ಅಂಥವರಿಗೆ ಕೋಷ್ಟಕದಲ್ಲಿ ಒಂದು ಸಾಲಿದೆ: ಸಂಪರ್ಕ ತಪ್ಪಿದವರು.
ಬೆರಳು ಕೀಲಿಯ ಮೇಲಿತ್ತು.
ಮರುದಿನ ಪ್ಯಾಸೆಂಜರ್ ಹತ್ತಿದೆ.

ಮೇ ತಿಂಗಳು, ಬಿಳಿ ಧೂಳು, ಕಣ್ಣು ಬಿಡಲಾಗದ ಬೆಳಕು.
ಅಂಬವ್ವ ನೀರು ಕೊಟ್ಟು ಹಿತ್ತಲಿಗೆ ಕೈ ತೋರಿಸಿದಳು.
ಜಾಲಿಯ ಅರೆನೆರಳಲ್ಲಿ ಅವನು
ಅರ್ಧ ಮಡಿಸಿದ ಕಾಲಲ್ಲಿ, ಕುಂಡಿಯಡಿಗೆ ಒಂದು ಕಲ್ಲಿಟ್ಟು,
ಫರಸಿಯ ಅಂಚು ಸವರುತ್ತಿದ್ದ.
ಗೋಡೆಗೆ ಇನ್ನೆರಡು ಕಲ್ಲು ಒರಗಿದ್ದವು.
‘ದಪ್ಪಂದು ಯುಗಾದಿದ್ದು. ನಡುವಿಂದು ಹೋದ ತಿಂಗಳದ್ದು.
ಈಗ ಇದರ ಮ್ಯಾಲ ಕೂತೀನಿ.
ಇದಕ್ಕಿಂತ ತೆಳು ಒಂದು ಕಡದಿಟ್ಟೀನಿ, ಇನ್ನ ಧೈರ್ಯ ಬಂದಿಲ್ಲ.’

ಟೇಪು ಹಿಡಿದೆ: ಹನ್ನೊಂದು ಇಂಚು, ಏಳೂವರೆ, ನಾಲ್ಕು.
ಯಾವ ಖಾನೆಗೂ ಹೋಗದ ಮೂರು ಅಂಕಿ.
ವಿಧಾನದಿಂದ ವಿಚಲನೆ ಎಂದು ನೈತಿಕ ಸಮಿತಿಗೆ ಬರೆಯಬೇಕು,
ಹದಿನಾಲ್ಕು ಪ್ರತಿ.
ಗೈಡು ಅನುಬಂಧಕ್ಕೆ ಹಾಕು ಅನ್ನಬಹುದು.
ಪರೀಕ್ಷಕರು ಅನುಬಂಧ ಓದುವುದಿಲ್ಲ.

‘ನಿಮ್ಮದು ಇನ್ನ ಎಷ್ಟು ಕಲ್ಲು ಉಳದಾವ್ರಿ?’
ಎರಡು ಲೇಖನ ಅಚ್ಚಾಗಬೇಕು, ಸಾರಾಂಶ, ಕೃತಿಚೌರ್ಯದ ತಪಾಸಣೆ,
ಕೊನೆಗೆ ಎಲ್ಲರೆದುರು ನಿಂತು ಉತ್ತರ.
‘ನಿಂತೇ ಹೇಳಬೇಕೇನ್ರಿ?’
ನಿಂತೇ, ಅಂದೆ.
ಉಳಿ ಎತ್ತಿಕೊಂಡ. ‘ಹಂಗಾರ ಸುಲಭ ಅದ ಬಿಡ್ರಿ.’

ಸ್ಟೇಷನ್ನಿನ ಬೆಂಚೂ ಅದೇ ಕಲ್ಲು. ಗಾಡಿ ಐವತ್ತು ನಿಮಿಷ ತಡ.
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ಕುಕ್ಕುರುಗಾಲಲ್ಲಿ ಕೂತೆ.
ಮೂವತ್ನಾಲ್ಕು ವರ್ಷದ ಮಂಡಿ ಲಟಕ್ಕಂತು.
ಬರೆದುಕೊಳ್ಳಲು ಪೆನ್ನು ಹುಡುಕಿದೆ,
ಸಿಗಲಿಲ್ಲ.