ಪುಗ್ಗಾ

ಮೊದಲ್ನೇ ವಾರ ಕೈ ಮುಟ್ಟಿತು ಅಂತ
ಮನಿ ಮಂದಿಯೆಲ್ಲಾ ಚಪ್ಪಾಳಿ ತಟ್ಟಿದರು.
ಮೇಜಿನ ಮ್ಯಾಲ ಸ್ಟೀಲ್ ವಾಟಗಾ,
ಅದರ ಕಂಠಕ್ಕ ಲಕ್ವಾ ಹೊಡದ ಬಲಗೈ ಬಟ್ಟು.
ನಸೀಮಾ ಮೇಡಂ ಒಬ್ಬಾಕಿ ನಗಲಿಲ್ಲ:
'ಮುಟ್ಟಿದ್ದು ಕೈ ಅಲ್ಲ ಕಾಕಾ, ನಿಮ್ಮ ಬೆನ್ನು.
ಭುಜ ಕಿವಿಗೆ ಹತ್ತೇತಿ, ನೋಡ್ರಿ ಕನ್ನಡ್ಯಾಗ.'

ಬೆಟಗೇರಿ ರೈಲ್ವೆ ಗೇಟಿನ ಹಂತೇಕ
ಮೂವತ್ತೊಂದು ವರ್ಷ ಕನ್ನಡಿ ಮುಂದ ನಿಂತಾಂವ ನಾ,
ನೋಡಿದ್ದೆಲ್ಲಾ ಮಂದಿ ಮಾರಿ.
ಕತ್ತಿ ಕಿವಿಯಿಂದ ಗದ್ದಕ್ಕ
ನೀರು ಇಳಿದ್ಹಂಗ ಇಳೀತಿತ್ತು,
ಕೈ ನೋಡೂ ಜರೂರು ಬಿದ್ದಿರಲಿಲ್ಲ.

ಎರಡನೇ ವಾರ ಹೆಂಡತಿ ಹಳೇ ಸೀರಿಲೆ
ಎದಿ ಸುತ್ತಿ ಕುರ್ಚಿಗೆ ಬಿಗಿದರು.
ಕೈ ಒಂದ ಹೊಂಟಿತು, ಗೇಣು ಮೊದಲ ಸೋತಿತು.
ನಿನ್ನೆ ಮುಟ್ಟಿದ ವಾಟಗಾ ಇವತ್ತು ದೂರಾತು.
ಇದಕ್ಕ ಸುಧಾರಣಿ ಅಂತಾರೇನ್ರಿ, ಅಂದೆ.
'ಅಂತೀವ್ರಿ,' ಅಂದ್ಲು.

ಆಮ್ಯಾಲ ಹೊಂಟಿತು ನೋಡ್ರಿ, ಪ್ಯಾಸೆಂಜರ್ ಗಾಡಿ.
ಹುಲಕೋಟ್ಯಾಗ ನಿಂತು, ಅಣ್ಣಿಗೇರ್ಯಾಗ ನಿಂತು,
ಹೆಬಸೂರಿನ್ಯಾಗ ಯಾರೂ ಹತ್ತದಿದ್ರೂ ನಿಂತು,
ಕುಸುಗಲ್ಲಿನ ಸಿಗ್ನಲ್ಲಿಗೆ ಗಡಗಡ ನಡುಗಿ,
ಹುಬ್ಬಳ್ಳಿ ಅಂದ್ರ ವಾಟಗಾ.
ಮೇಡಂ ಗಡಿಯಾರ ನೋಡಲಿಲ್ಲ,
ಎಷ್ಟು ಸಲ ನಿಂತಿತು ಅಂತ ಬರಕೊಂಡ್ಲು.
ಏಳು. ಏಳು. ಆರು.
ಉಗಾದಿ ಮರುದಿನ ಮತ್ತ ಎಂಟು.

ನಾ ಕೆಲಸ ಕಲ್ತದ್ದು ಪುಗ್ಗಾದ ಮ್ಯಾಲ, ಹೇಳಿದೆ ಆಕಿಗೆ.
ಸೋದರಮಾವ ಕೆಂಪು ಪುಗ್ಗಾ ಊದಿ,
ಸಾಬೂನಿನ ಬುರುಗು ಹಚ್ಚಿ, ಕತ್ತಿ ಕೊಟ್ಟು ಅಂತಿದ್ದ:
'ಜೋರು ಮಾಡಿದ್ರ ಒಡಿತೈತಿ, ಅಂಜಿದ್ರೂ ಒಡಿತೈತಿ,
ನಡುವ ನಿಂತ್ಯೋ, ಖಾತ್ರಿ ಒಡಿತೈತಿ.'
ಇಪ್ಪತ್ತಾರು ಒಡದವು. ಮಾವ
ಲೆಕ್ಕಾ ಇಟ್ಟು ಪಗಾರದಾಗ ಹಿಡಕೊಂಡ.

ಮರುದಿನ ಮೇಡಂ ಪುಗ್ಗಾ ತಂದ್ಲು.
ಕತ್ತಿ ಇಲ್ಲ, ಐಸ್‌ಕ್ರೀಮ್ ಕಡ್ಡಿ.
ಒಡಿಯೂ ಅಂಜಿಕಿ ಇಲ್ಲದ್ದು ಎಂಥಾ ಪುಗ್ಗಾ,
ಅಂದ್ರೂ ಬುರುಗಿನ್ಯಾಗ ಕೈ ನಡದ ಹಾದಿ ಬಿತ್ತು:
ಸೊಟ್ಟ, ಗಂಟು ಗಂಟು,
ಹುಳಾ ತಿಂದ ಎಲಿ ಅಂಚಿನ್ಹಂಗ.
ಒರಸಿ ಮತ್ತ ಹಚ್ಚು. ಒರಸಿ ಮತ್ತ ಹಚ್ಚು.
ಅಂಚು ನಿಧಾನಕ್ಕ ಹುಳಾ ಬಿಡ್ತು.

ಮೊನ್ನೆ ಸಂಜಿಗೆ ನನ್ನ ಅಂಗಡ್ಯಾಗ, ನನ್ನ ಕುರ್ಚ್ಯಾಗ
ತಂಗಿ ಮಗ ಗೂಳಪ್ಪ ನನಗ ದಾಡಿ ಮಾಡಾಕತ್ತಿದ್ದ.
ಮೂಗಿನ ತುದಿಗೆ ಬುರುಗು ಹತ್ತಿತು.
ಬಲಗೈ ತೊಡಿ ಬಿಟ್ಟು ಎದ್ದು, ಒರಸಿ,
ಹೊಳ್ಳಿ ಬಂದು ಕುಂತಿತು.
ಬೆನ್ನು ಅಳಗಾಡಲಿಲ್ಲ. ಭುಜ ಮ್ಯಾಲ ಏಳಲಿಲ್ಲ.
ಗೂಳ್ಯಾ ಮಾತಾಡಕೋತ ಇದ್ದ, ಅವಗ ಕಂಡಿಲ್ಲ.

ಕನ್ನಡ್ಯಾಗ ನಾ ನೋಡಿದೆ.
ಇನ್ನೊಮ್ಮೆ ಮಾಡು, ಅಂದೆ ಕೈಗೆ.
ಹುಲಕೋಟ್ಯಾಗ ನಿಂತಿತು.