ಹನ್ನೊಂದು ಡಬ್ಬಿ

ಸಂತೆಯ ಬೆಂಡೆಗೆ ಮದ್ದಿನ ವಾಸನೆಯೆಂದು
ಬಸಳೆ ನೆಟ್ಟವಳು ನಾನು.
ಮಲ್ಪೆಯ ಉಪ್ಪು ಹೊಯಿಗೆ, ಬೇರು ಹಿಡಿಯಲಿಲ್ಲ.
ಇವರು ಬೋಟಿಗೆ ಬಳಿದು ಮುಗಿಸಿದ ಬಣ್ಣದ ಡಬ್ಬಿ, ಹನ್ನೊಂದು;
ತಳಕ್ಕೆ ಮೊಳೆ ಹೊಡೆದು ತೂತು ಮಾಡಿ
ಸುಡುಮಣ್ಣು ತುಂಬಿದೆ, ಬಂಗುಡೆಯ ತಲೆ ಹೂತೆ,
ದಿನಾ ಅಕ್ಕಿ ತೊಳೆದ ನೀರು.

ಚಪ್ಪರ ಕಾಣದಷ್ಟು ಎಲೆ, ಒಂದೊಂದೂ ಅಂಗೈಯಗಲ.
"ವಿಷ ಇಲ್ಲದ್ದು ಮಾರಾಯ್ತಿ, ತಿನ್ನು" ಎಂದು
ಬಸುರಿ ಹರಿಣಾಕ್ಷಿಗೂ
ಕಟ್ಟು ಕಟ್ಟಿ ಕೊಟ್ಟೆ.

ನಿನ್ನೆ ಊಟಕ್ಕೆ ಕೂತು
ದಂಟು ಚೀಪುತ್ತ ಇವರೆಂದರು, ಸುಮ್ಮನೆ, ಮಾತಿಗೆ:
"ಆ ಕೆಂಪು ಬಳಿದರೆ
ಬೋಟಿನ ಅಡಿಗೆ ಒಂದು ಚಿಪ್ಪೂ ಹತ್ತುವುದಿಲ್ಲ.
ಹತ್ತಿದ್ದು ಸಾಯುತ್ತದೆ."
ಇನ್ನೊಂದು ದಂಟಿಗೆ ಕೈ ಹಾಕಿದರು.

ರಾತ್ರಿ ಟಾರ್ಚು ಹಿಡಿದು ಎಣಿಸಿದೆ.
ಕೆಂಪು ನಾಲ್ಕು.
ನೀಲಿ ಏಳು. ನೀಲಿಯಲ್ಲಿ ಏನುಂಟೋ
ಬಳಿದವರಿಗೂ ಗೊತ್ತಿಲ್ಲ.
ಬಳ್ಳಿಗಂತೂ ಎರಡೂ ಒಂದೇ,
ಒಂದೇ ಹಸಿರು.

ಬೆಳಗಾಗುವ ಮೊದಲು ಹನ್ನೊಂದನ್ನೂ ಕಿತ್ತೆ.
ಹರಿಣಾಕ್ಷಿಯ ಮನೆಗೆ ಮೆಟ್ಟಿಲು ಮೂರೇ,
ಹತ್ತಲು ಹೊತ್ತು ಹಿಡಿಯಿತು.

ಬಾಗಿಲು ತೆರೆದವಳ ಕೈ
ಆಗಲೇ ಮುಂದೆ ಚಾಚಿತ್ತು.
"ಏನಕ್ಕ, ಇವತ್ತು ಬರಿಗೈಯಾ?"